ಕಚೇರಿಯ ಧಾರಣೆ, ಬೀದಿಯ ಧಾರಣೆ

ವಿದೇಶಯಾತ್ರೆಯು ಒಂದು ಕಾಲಕ್ಕೆ ರಾಜಮಹಾರಾಜರಿಗೂ, ಬ್ಯಾರಿಸ್ಟರ ಪರೀಕ್ಷೆಗೆ ಹೋಗುವ ಶ್ರೀಮಂತರ ಮಕ್ಕಳಿಗೂ ಮೀಸಲಾದುದಾಗಿತ್ತು. ಇಂದು ಹಾಗಿಲ್ಲ. ನಿವೃತ್ತರಾದ ಅಧಿಕಾರಿಗಳೂ ಹೈಸ್ಕೂಲಿನ ಮಾಸ್ತರರೂ ಮಗ-ಸೊಸೆಯರನ್ನು ಕಾಣಲೆಂದು ಸಮುದ್ರವನ್ನು ದಾಟುತ್ತಿರುವರು. ವರ್ತಕರು ಸರಕು ಹುಡುಕಿಕೊಂಡು ಹೋಗುತ್ತಿರುವರು. ತರುಣರು ಕೇವಲ ಲೋಕವನ್ನು ನೋಡಬೇಕೆಂಬ ಕುತೂಹಲದಿಂದಲೇ ಹೊರಡುತ್ತಿರುವರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಹೀಗೆ ಹೋಗಿ ಬಂದವರು ಹೇಳುವ ಸಾಹಸದ ಕಥೆಗಳಲ್ಲಿ ಒಂದು ಕಥೆ ಪದೇ ಪದೇ ಕಿವಿಗೆ ಬೀಳುತ್ತಿದೆ. ಕೆಲವು ದೇಶಗಳಲ್ಲಿ ಒಂದೇ ಡಾಲರಿಗೆ ಎರಡು ಬೆಲೆಯಂತೆ. ಬ್ಯಾಂಕಿನಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು. ಬೀದಿಯಲ್ಲಿ ಮಾರಿದವನು ಜಾಣನಂತೆ, ಬ್ಯಾಂಕಿಗೆ ಹೋದವನು ಮೂಢನಂತೆ. ಈ ಮಾತನ್ನು ಪರೀಕ್ಷಿಸದೆ ಬಿಡುವದು ಸರಿಯಲ್ಲವೆಂದು ನಮಗೆ ತೋರುತ್ತದೆ. ಯಾಕಂದರೆ ಇದರಲ್ಲಿ ಪ್ರವಾಸಿಯ ಜೇಬಿನ ಪ್ರಶ್ನೆಯೊಂದೇ ಇಲ್ಲ. ರಾಷ್ಟ್ರದ ನಾಣ್ಯದ ಮರ್ಯಾದೆಯ ಪ್ರಶ್ನೆಯೂ ಇದೆ.

ಉದಾಹರಣೆಗಾಗಿ ದಕ್ಷಿಣ ಅಮೇರಿಕೆಯ ಅರ್ಜೆಂಟೀನಾ ದೇಶವನ್ನು ತೆಗೆದುಕೊಳ್ಳೋಣ. ಅದರ ರಾಜಧಾನಿಯಾದ ಬ್ಯೂನಸ್ ಐರಿಸ್ ನಗರದಲ್ಲಿ ಫ್ಲೋರಿಡಾ ಎಂಬ ದೊಡ್ಡ ಪೇಟೆಬೀದಿಯುಂಟು. ಕಾಲ್ನಡೆಯ ಜನರಿಗಾಗಿಯೇ ಮೀಸಲಾದ ಈ ಬೀದಿಯಲ್ಲಿ ಅಲ್ಲಲ್ಲಿ ನಿಂತುಕೊಂಡು 'ಕಾಂಬಿಯೊ, ಕಾಂಬಿಯೊ', ಎಂದರೆ 'ವಿನಿಮಯ, ವಿನಿಮಯ' ಎಂದು ಕೂಗುವ ದಲ್ಲಾಳಿಗಳು ಬಹುಕಾಲದಿಂದ ಪ್ರಸಿದ್ಧರಾಗಿರುವರು. ನಿಂತಲ್ಲಿಯೇ ನಿಂತು ಹಸಿರು ನೋಟುಗಳನ್ನು ಹಿಡಿಯುವವರಾದ್ದರಿಂದ ಊರವರು ಅವರನ್ನು ವಿನೋದದಿಂದ 'ಪುಟ್ಟ ಮರಗಳು' ಎಂದು ಕರೆಯುತ್ತಾರೆ. ಈ ಮರದ ಹಿಂದೆ ಹೋದರೆ ಯಾವುದೋ ಅಂಗಡಿಯ ಹಿಂಭಾಗದ ಕೋಣೆಯೋ, ಮಾಳಿಗೆಯ ಮೇಲಿನ ಕಚೇರಿಯೋ ಸಿಕ್ಕುತ್ತದೆ. ಅದಕ್ಕೆ 'ಗುಹೆ' ಎಂದು ಹೆಸರು. ಅಲ್ಲಿ ಡಾಲರು ಕೊಟ್ಟು ಪೆಸೊ ಪಡೆಯಬಹುದು. ಆ ಧಾರಣೆಗೆ 'ನೀಲಿ ಡಾಲರು' ಎಂದು ಕರೆಯುವರು. ಅಧಿಕೃತ ಸಂಸ್ಥೆಗಳ ಹೊರಗೆ ಪರದೇಶದ ಹಣವನ್ನು ಮಾರುವದೂ ಕೊಳ್ಳುವದೂ ಅಲ್ಲಿಯ ಕಾಯಿದೆಗೆ ವಿರುದ್ಧವಾದುದು. ಆದರೂ ಈ ನೀಲಿ ಧಾರಣೆಯನ್ನು ಅಲ್ಲಿಯ ವೃತ್ತಪತ್ರಗಳು ಹವಾಮಾನದ ವರದಿಯಂತೆ ದಿನಾಲು ಪ್ರಕಟಿಸುತ್ತ ಬಂದಿವೆ. ಕಾಯಿದೆಯೂ ವ್ಯವಹಾರವೂ ಪರಸ್ಪರ ಮುಖ ನೋಡದೆ ಒಂದೇ ಬೀದಿಯಲ್ಲಿ ಬಾಳಬಲ್ಲವೆಂಬದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ದೊರೆಯಲಾರದು.

ಎರಡು ಧಾರಣೆಗಳ ಅಂತರವು ಎಷ್ಟಾಗಬಹುದು? ೨೦೨೩ನೆಯ ಇಸವಿಯ ಅಕ್ಟೋಬರದಲ್ಲಿ ಸರಕಾರವು ಡಾಲರಿಗೆ ೩೫೦ ಪೆಸೊಗಳೆಂದು ನಿಗದಿ ಮಾಡಿದ್ದಾಗ ಬೀದಿಯ ಬೆಲೆ ಒಂದು ಸಾವಿರವನ್ನು ದಾಟಿತು. ನೂರು ಡಾಲರಿನ ಒಂದು ನೋಟನ್ನು ಸರಕಾರದ ಧಾರಣೆಯಲ್ಲಿ ಕೊಟ್ಟವನಿಗೆ ೩೫,೦೦೦ ಪೆಸೊ, ಗುಹೆಯಲ್ಲಿ ಕೊಟ್ಟವನಿಗೆ ಒಂದು ಲಕ್ಷ. ಆಗ ಚಲಾವಣೆಯಲ್ಲಿದ್ದ ಅತಿ ದೊಡ್ಡ ನೋಟು ೨,೦೦೦ ಪೆಸೊಗಳದಾದ್ದರಿಂದ ಪ್ರವಾಸಿಯು ಒಂದು ನೋಟನ್ನು ಕೊಟ್ಟು ಕಟ್ಟುಗಟ್ಟಲೆ ಕಾಗದವನ್ನು ಚೀಲದಲ್ಲಿ ತುಂಬಿಕೊಂಡು ಬರುವಂತಾಗಿತ್ತು. ಮೂರುಪಟ್ಟು ಲಾಭವೆಂದರೆ ಯಾರ ನೀತಿಯಾದರೂ ಸ್ವಲ್ಪ ಅಲುಗಾಡುವದು ಸಹಜ.

ಇಂಥ ಸ್ಥಿತಿ ಒಂದು ದಿನದಲ್ಲಿ ಬಂದುದಲ್ಲ. ೧೯೯೧ರಲ್ಲಿ ಆ ದೇಶವು ಒಂದು ಪೆಸೊ ಒಂದು ಡಾಲರಿಗೆ ಸಮವೆಂದು ಕಾಯಿದೆ ಮಾಡಿತು. ಹತ್ತು ವರ್ಷ ಜನರು ಅದನ್ನು ನಂಬಿದರು. ಬ್ಯಾಂಕುಗಳಲ್ಲಿ ಡಾಲರುಗಳ ಲೆಕ್ಕದಲ್ಲಿಯೇ ಠೇವಣಿ ಇಟ್ಟರು. ೨೦೦೧ರ ಡಿಸೆಂಬರದಲ್ಲಿ ಬೊಕ್ಕಸವು ಬರಿದಾಗುತ್ತಿರಲು, ವಾರಕ್ಕೆ ೨೫೦ ಪೆಸೊಗಿಂತ ಹೆಚ್ಚು ನಗದು ತೆಗೆಯಕೂಡದೆಂದು ಅಪ್ಪಣೆಯಾಯಿತು. ಮರುತಿಂಗಳು ಸಮತೆಯ ಕಾಯಿದೆಯೇ ರದ್ದಾಯಿತು. ಡಾಲರಿನ ಠೇವಣಿಗಳನ್ನು ಡಾಲರಿಗೆ ಒಂದು ಪೆಸೊ ನಲವತ್ತು ಸೆಂಟಾವೊಗಳಂತೆ ಬಲವಂತವಾಗಿ ಪೆಸೊಗಳಿಗೆ ತಿರುಗಿಸಲಾಯಿತು. ಪೇಟೆಯಲ್ಲಿಯಾದರೋ ಡಾಲರು ಅದೇ ವರ್ಷ ಮೂರು ಪೆಸೊಗಳನ್ನು ಮೀರಿತು. ಜೀವಮಾನದ ಉಳಿತಾಯವು ಸರಕಾರದ ಒಂದು ಸಹಿಯಿಂದ ಅರ್ಧಕ್ಕಿಂತ ಕೆಳಗಿಳಿದುದನ್ನು ಕಂಡ ಜನರು ಮತ್ತೆ ಪೆಸೊವನ್ನಾಗಲಿ ಬ್ಯಾಂಕನ್ನಾಗಲಿ ನಂಬಲಿಲ್ಲ. ಅಂದಿನಿಂದ ಅಲ್ಲಿಯ ಗೃಹಸ್ಥನ ಬ್ಯಾಂಕೆಂದರೆ ಹಾಸಿಗೆಯ ಕೆಳಭಾಗ. ಅವನ ನಾಣ್ಯವೆಂದರೆ ನೂರು ಡಾಲರಿನ ನೋಟು.

ಜನರು ಡಾಲರನ್ನು ಬೇಡತೊಡಗಿದಷ್ಟಕ್ಕೆ ಸರಕಾರವು ಬಾಗಿಲನ್ನು ಮುಚ್ಚತೊಡಗಿತು. ೨೦೧೧ರ ಅಕ್ಟೋಬರದ ಕೊನೆಯಲ್ಲಿ, ಡಾಲರು ಕೊಳ್ಳಬೇಕಾದವನು ತೆರಿಗೆಯ ಇಲಾಖೆಯ ಒಪ್ಪಿಗೆಯನ್ನು ಪಡೆಯಬೇಕೆಂಬ ನಿಯಮ ಬಂತು. ೨೦೧೫ರ ಡಿಸೆಂಬರದಲ್ಲಿ ಬಂದ ಹೊಸ ಸರಕಾರವು ಈ ಕಟ್ಟನ್ನು ಬಿಚ್ಚಿತು. ಅದೇ ಸರಕಾರವೇ ೨೦೧೯ರ ಸೆಪ್ಟೆಂಬರದಲ್ಲಿ ಅದನ್ನು ಮತ್ತೆ ಬಿಗಿಯಿತು: ಮೊದಲು ಒಬ್ಬನಿಗೆ ತಿಂಗಳಿಗೆ ಹತ್ತು ಸಾವಿರ ಡಾಲರು, ಎರಡು ತಿಂಗಳು ತುಂಬುವದರೊಳಗೆ ಕೇವಲ ಇನ್ನೂರು. ಬಾಗಿಲು ಮುಚ್ಚಿದಂತೆಲ್ಲ ಗುಹೆಗಳು ಹೆಚ್ಚಿದವು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹೊಳೆಗೆ ಅಡ್ಡಗಟ್ಟು ಕಟ್ಟಿದವರು ನೀರಿಗೆ ದಾರಿಯನ್ನೂ ಗೊತ್ತುಪಡಿಸಬೇಕು. ಇಲ್ಲದಿದ್ದರೆ ನೀರು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುವದು.

ಬೀದಿಯ ವ್ಯಾಪಾರವನ್ನು ಸಮರ್ಥಿಸುವ ಪ್ರವಾಸಿಗಳ ವಾದವನ್ನು ನಾವು ಹಗುರಾಗಿ ತಳ್ಳಿಹಾಕುವದಿಲ್ಲ. ಅವರ ಹೇಳಿಕೆ ಹೀಗಿದೆ: 'ಸರಕಾರದ ಧಾರಣೆಯೇ ಸುಳ್ಳು. ಆ ಧಾರಣೆಗೆ ಡಾಲರು ಮಾರೆಂದು ನನಗೆ ಹೇಳುವ ಸರಕಾರವು, ಅದೇ ಧಾರಣೆಗೆ ನನಗೆ ಡಾಲರು ಮಾರಲು ಸಿದ್ಧವಿಲ್ಲ. ಊಟದ ಅಂಗಡಿಯವನು ತನ್ನ ಬೆಲೆಗಳನ್ನು ಬೀದಿಯ ಧಾರಣೆಯನ್ನು ನೋಡಿ ಏರಿಸುತ್ತಾನೆ. ನಾನು ಮಾತ್ರ ಸರಕಾರದ ಧಾರಣೆಯಲ್ಲಿ ಹಣ ತಿರುಗಿಸಿದರೆ ಒಂದರ ಬದಲು ಮೂರು ಊಟಗಳ ಬೆಲೆ ತೆತ್ತಂತಾಯಿತು. ಊರಿಗೆ ಊರೇ ನಡೆಯುವ ದಾರಿಯಲ್ಲಿ ಪರಸ್ಥಳದವನಾದ ನಾನೊಬ್ಬನೇ ಏಕೆ ಮುಳ್ಳಿನ ಮೇಲೆ ನಡೆಯಬೇಕು?'

ಈ ವಾದದ ಮೊದಲ ಭಾಗವು ಸತ್ಯವಾದುದು. ಕೊಳ್ಳಲೊಂದು ಮಾರಲೊಂದು ಎಂದಾದರೆ ಅದು ಬೆಲೆಯಲ್ಲ, ದಂಡ. ತಕ್ಕಡಿಯಲ್ಲಿ ಮೋಸ ಮಾಡುವ ಅಂಗಡಿಕಾರನನ್ನು ಶಿಕ್ಷಿಸುವ ಸರಕಾರವು ತಾನೇ ಸುಳ್ಳು ತಕ್ಕಡಿಯನ್ನು ಹಿಡಿದರೆ ಅದನ್ನು ಗೌರವಿಸೆಂದು ಪ್ರಜೆಗಳಿಗೆ ಬೋಧಿಸುವ ಅಧಿಕಾರವು ಅದಕ್ಕೆ ಉಳಿಯುವದಿಲ್ಲ. ನೋಟಿನ ಬೆಲೆ ಕುಸಿದುದಕ್ಕೆ ಕಾರಣ ಫ್ಲೋರಿಡಾ ಬೀದಿಯ ದಲ್ಲಾಳಿಯಲ್ಲ, ಮೂರು ದಿನ ಇದ್ದು ಹೋಗುವ ಪ್ರವಾಸಿಯಂತೂ ಅಲ್ಲವೇ ಅಲ್ಲ. ವರಮಾನಕ್ಕಿಂತ ಹೆಚ್ಚು ವೆಚ್ಚ ಮಾಡಿ ಕೊರತೆಯನ್ನು ಅಚ್ಚಿನ ಯಂತ್ರದಿಂದ ತುಂಬಿದ ಸರಕಾರಗಳೇ ಅದಕ್ಕೆ ಹೊಣೆ. ೨೦೨೩ರ ಒಂದೇ ವರ್ಷದಲ್ಲಿ ಅಲ್ಲಿಯ ಬೆಲೆಗಳು ಶೇಕಡಾ ೨೧೧ರಷ್ಟು ಏರಿದವು. ಹಾಗಿರುವಾಗ ಜ್ವರವನ್ನು ತೋರಿಸಿದ್ದಕ್ಕಾಗಿ ಜ್ವರಮಾಪಕವನ್ನು ದೂಷಿಸುವದು ನ್ಯಾಯವಲ್ಲ.

ಆದರೆ ವಾದದ ಎರಡನೆಯ ಭಾಗವು ನಮಗೆ ಒಪ್ಪಿಗೆಯಾಗದು. ಊರಿಗೆ ಊರೇ ಮಾಡುವದರಿಂದ ಒಂದು ಕೆಲಸವು ಯೋಗ್ಯವಾಗುವದಿಲ್ಲ, ಸುಲಭವಾಗುವದಷ್ಟೆ. ಊರವನಿಗೂ ಪ್ರವಾಸಿಗೂ ಒಂದು ಭೇದವಿದೆ. ಊರವನು ತನ್ನ ಬೆವರಿನ ಗಳಿಕೆಯು ಕೈಯಲ್ಲಿಯೇ ಕರಗಿಹೋಗದಿರಲೆಂದು ಗುಹೆಗೆ ಹೋಗುತ್ತಾನೆ, ಅವನದು ಆತ್ಮರಕ್ಷಣೆ. ಪ್ರವಾಸಿಯು ಹೋಗುವದು ಅಗ್ಗದ ಊಟಕ್ಕೂ ಅಗ್ಗದ ಚರ್ಮದ ಚೀಲಕ್ಕೂ. ಪೆಸೊಗಳಲ್ಲಿ ಪಗಾರ ಪಡೆಯುವ ಗುಮಾಸ್ತನೂ ಶಿಕ್ಷಕಿಯೂ ತಿಂಗಳ ಕೊನೆಗೆ ಮಾಂಸ ಬಿಟ್ಟು ರೊಟ್ಟಿಗೆ ಇಳಿದ ಕಾಲದಲ್ಲಿ, 'ಇಲ್ಲಿ ಎಲ್ಲವೂ ಎಷ್ಟು ಸೋವಿ!' ಎಂದು ಹರ್ಷಿಸುವದು ಸಭ್ಯತೆಯ ಲಕ್ಷಣವಲ್ಲ. ಇನ್ನೊಬ್ಬನ ಮನೆಗೆ ಬೆಂಕಿ ಬಿದ್ದಾಗ ಅದರಲ್ಲಿ ಚಳಿ ಕಾಯಿಸಿಕೊಂಡವನು ಬೆಂಕಿ ಹಚ್ಚಿದವನಲ್ಲ, ನಿಜ. ಆದರೂ ಅದನ್ನು ಊರಿಗೆ ಬಂದು ಜಾಣತನವೆಂದು ಹೇಳಿಕೊಳ್ಳಬಾರದು.

ಇನ್ನೊಂದು ವಿಚಾರ. ಗುಹೆಯಲ್ಲಿ ಕೊಟ್ಟ ಡಾಲರು ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಭಾಗ ಗೃಹಸ್ಥರ ಉಳಿತಾಯಕ್ಕೆ ಹೋಗುವದು, ಅಹುದು. ಆದರೆ ಲೆಕ್ಕಕ್ಕೆ ಸಿಗದ ಹಣವು ಲೆಕ್ಕ ಕೊಡಲಾರದವನಿಗೆ ಎಲ್ಲರಿಗಿಂತ ಹೆಚ್ಚು ಪ್ರಿಯವಾದುದು. ತೆರಿಗೆ ತಪ್ಪಿಸುವವನು, ಕಳ್ಳಸರಕಿನವನು, ಲಂಚದ ಹಣವನ್ನು ಅಡಗಿಸುವವನು ಇವರೆಲ್ಲರೂ ಅದೇ ಗುಹೆಯ ಗಿರಾಕಿಗಳು. ಪ್ರವಾಸಿಯು ತಾನು ಯಾರ ಕೈಗೆ ಹಣವನ್ನು ಕೊಡುತ್ತಿರುವೆನೆಂಬದನ್ನು ಅರಿಯನು. ಅರಿಯುವ ಉಪಾಯವೂ ಅವನಲ್ಲಿಲ್ಲ. ಮೇಲಾಗಿ, ಎರಡು ಧಾರಣೆಗಳ ನಡುವಿನ ಅಂತರವೆಂದರೆ ಅಧಿಕಾರಿಯ ಮೇಜಿನ ಮೇಲೆ ಸುರಿದ ಹೊನ್ನಿನ ರಾಶಿ. ೩೫೦ಕ್ಕೆ ಡಾಲರು ಕೊಳ್ಳಲು ಪರವಾನಿಗೆ ಸಿಕ್ಕಿದ ಆಮದುಗಾರನು ಸಾವಿರಕ್ಕೆ ಮಾರಬಲ್ಲನು. ಆದ್ದರಿಂದ ಅವನು ಹತ್ತರ ಸರಕಿಗೆ ಹದಿನೈದರ ಬೀಜಕವನ್ನು ತೋರಿಸುವನು. ರಫ್ತುಗಾರನು ಹದಿನೈದರ ಸರಕಿಗೆ ಹತ್ತರ ಬೀಜಕವನ್ನು ತೋರಿಸಿ ಉಳಿದುದನ್ನು ಹೊರದೇಶದಲ್ಲಿಯೇ ಇಟ್ಟುಕೊಳ್ಳುವನು. ಆ ಪರವಾನಿಗೆಗೆ ರುಜು ಹಾಕುವ ಕೈಯು ಎಷ್ಟು ದಿನ ಶುದ್ಧವಾಗಿ ಉಳಿದೀತು? ನಮ್ಮ ವಾಚಕರಲ್ಲಿ ಅನೇಕರು ಅಧಿಕಾರದಲ್ಲಿರುವವರು. ಈ ಪ್ರಶ್ನೆಯ ಉತ್ತರವನ್ನು ಅವರಿಗೆ ನಾವು ಹೇಳಬೇಕಾದುದಿಲ್ಲ.

ಪ್ರವಾಸಿಯ ಕ್ಷೇಮದ ಮಾತೂ ಇದೆ. ಗುಹೆಯ ಚಿನಿವಾರನು ದಯಾಳುವಲ್ಲ. ಹೊಸ ಮಾದರಿಯ, ದೊಡ್ಡ ಮುಖಚಿತ್ರದ, ಮಡಿಕೆ ಬೀಳದ ನೂರರ ನೋಟಿಗೆ ಮಾತ್ರ ಅವನ ಪೂರ್ಣ ಧಾರಣೆ. ಹಳೆಯ ಮಾದರಿಯ ಸಣ್ಣ ಮುಖದ ನೋಟಿಗೆ ವಟ್ಟ ಕಡಿಯುವನು. ಇಪ್ಪತ್ತು ಹತ್ತರ ನೋಟುಗಳಿಗೆ ಇನ್ನೂ ಕಡಿಮೆ. ಎಣಿಸಿಕೊಟ್ಟ ಕಟ್ಟಿನಲ್ಲಿ ನಾಲ್ಕು ಖೋಟಾ ನೋಟುಗಳು ಸೇರಿದ್ದರೆ ಬಿಡಾರಕ್ಕೆ ಬಂದ ಮೇಲೆ ತಿಳಿಯುವದು. ಮೋಸಹೋದವನು ಪೋಲೀಸ ಠಾಣೆಗೆ ಹೋಗಿ ಏನೆಂದು ದೂರು ಬರೆಸಬೇಕು? 'ಕಾಯಿದೆಯನ್ನು ಮುರಿಯುವಾಗ ನನಗೆ ಅನ್ಯಾಯವಾಯಿತು' ಎಂದೇ? ಕಾಯಿದೆಯ ನೆರಳಿನಿಂದ ಹೊರಗೆ ಹೋದವನಿಗೆ ಕಾಯಿದೆಯ ಆಶ್ರಯವೂ ಇಲ್ಲ. ಲಾಭವನ್ನು ಲೆಕ್ಕ ಹಾಕುವವರು ಈ ನಷ್ಟದ ಸಂಭವವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾದರೆ ಗುಹೆಯನ್ನು ಮುಚ್ಚುವದು ಹೇಗೆ? ಪೋಲೀಸರ ದಾಳಿಗಳಿಂದ ಅದು ಮುಚ್ಚಿದ್ದಿಲ್ಲ. ದಾಳಿಯ ದಿನ ಬೀದಿ ಖಾಲಿಯಾಗುವದು, ಧಾರಣೆ ಇನ್ನಷ್ಟು ಏರುವದು, ನಾಲ್ಕು ದಿನಗಳಲ್ಲಿ ಮರಗಳು ಮತ್ತೆ ಚಿಗುರುವವು. ಗುಹೆ ಬರಿದಾಗುವದು ಬಾಗಿಲನ್ನು ತೆರೆದಾಗ ಮಾತ್ರ. ೨೦೨೨ರ ಕೊನೆಯಲ್ಲಿ ಅರ್ಜೆಂಟೀನಾದ ಸರಕಾರವೇ, ಪರದೇಶದ ಪ್ರವಾಸಿಗಳು ತಮ್ಮ ಬ್ಯಾಂಕಿನ ಕಾರ್ಡಿನಿಂದ ಮಾಡಿದ ವೆಚ್ಚಕ್ಕೆ ಪೇಟೆಯ ಧಾರಣೆಗೆ ಸಮೀಪವಾದ ಬೇರೊಂದು ಧಾರಣೆಯನ್ನು ಕೊಡುವ ಏರ್ಪಾಡು ಮಾಡಿತು. ಅಂದಿನಿಂದ ಪ್ರವಾಸಿಗೆ ಗುಹೆಗೆ ಹೋಗಲು ಮೊದಲಿನಷ್ಟು ನೆವ ಉಳಿಯಲಿಲ್ಲ. ೨೦೨೩ರ ಡಿಸೆಂಬರದಲ್ಲಿ ಅಧಿಕಾರಕ್ಕೆ ಬಂದ ಅಧ್ಯಕ್ಷ ಮಿಲೈ ಅವರ ಸರಕಾರವು ಅಧಿಕೃತ ಧಾರಣೆಯನ್ನು ಸುಮಾರು ೩೬೬ರಿಂದ ಒಮ್ಮೆಲೆ ೮೦೦ಕ್ಕೆ ಒಯ್ದಿತು; ೨೦೨೫ರ ಏಪ್ರಿಲದಲ್ಲಿ ಸಾಮಾನ್ಯ ಪ್ರಜೆಗಳ ಮೇಲಿನ ನಿರ್ಬಂಧಗಳನ್ನು ತೆಗೆದುಹಾಕಿ, ಡಾಲರು ೧,೦೦೦ದಿಂದ ೧,೪೦೦ ಪೆಸೊಗಳ ಮೇರೆಯೊಳಗೆ ಏರಿಳಿಯಲೆಂದು ಬಿಟ್ಟಿತು. ಎರಡು ಧಾರಣೆಗಳ ಅಂತರವು ಆಗ ಬಹುಮಟ್ಟಿಗೆ ಕರಗಿತು. ಆ ಸರಕಾರದ ಉಳಿದ ನೀತಿಗಳೆಲ್ಲವನ್ನು ನಾವು ಮೆಚ್ಚುವೆವೆಂದು ಇದರ ಅರ್ಥವಲ್ಲ. ಬೆಲೆಗಳು ಏರಿದಾಗ ಅದರ ಭಾರ ಬಿದ್ದುದು ಬಡವರ ಮೇಲೆ. ಆದರೆ ಸುಳ್ಳು ಧಾರಣೆಯನ್ನು ಕಾಪಾಡಿದ್ದರಿಂದ ಬಡವರು ಉಳಿದುಕೊಂಡಿದ್ದರೆಂದೂ ಯಾರೂ ಹೇಳಲಾರರು.

ಇದು ಒಂದೇ ದೇಶದ ಅನುಭವವೂ ಅಲ್ಲ. ಬ್ರಹ್ಮದೇಶವು ೨೦೧೨ರ ಏಪ್ರಿಲದವರೆಗೆ ಡಾಲರಿಗೆ ಸುಮಾರು ಆರು ಕ್ಯಾಟ್ ಎಂದು ಕಾಗದದ ಮೇಲೆ ಬರೆದುಕೊಂಡಿತ್ತು. ಪೇಟೆಯಲ್ಲಿ ಅದು ಎಂಟು ನೂರರ ಆಸುಪಾಸಿನಲ್ಲಿತ್ತು. ಉಜ್ಬೇಕಿಸ್ತಾನದಲ್ಲಿ ೨೦೧೭ರ ಸೆಪ್ಟೆಂಬರದ ಒಂದು ದಿನ ಸರಕಾರವು ತನ್ನ ೪,೨೦೦ರ ಧಾರಣೆಯನ್ನು ಬಿಟ್ಟು ಬೀದಿಯ ಧಾರಣೆಗೆ ಸಮನಾಗಿ ೮,೧೦೦ ಎಂದು ಘೋಷಿಸಿತು. ಸ್ಟರ್ಲಿಂಗ್ ನಾಣ್ಯದ ದೊಡ್ಡಸ್ತಿಕೆಯನ್ನು ನಮಗೆ ಎರಡು ಶತಮಾನ ಬೋಧಿಸಿದ ಇಂಗ್ಲಂಡವೂ ೧೯೬೬ರಲ್ಲಿ ತನ್ನ ಪ್ರಜೆಗಳು ಹೊರನಾಡಿಗೆ ವಿಹಾರಕ್ಕೆ ಹೋಗುವಾಗ ವರ್ಷಕ್ಕೆ ೫೦ ಪೌಂಡಿಗಿಂತ ಹೆಚ್ಚು ಒಯ್ಯಕೂಡದೆಂದು ಕಟ್ಟುಮಾಡಿತ್ತು. ವಿನಿಮಯದ ನಿಯಂತ್ರಣಗಳನ್ನು ಅದು ಪೂರ್ಣವಾಗಿ ತೆಗೆದುದು ೧೯೭೯ರಲ್ಲಿ. ನಾಣ್ಯಕ್ಕೆ ರೋಗ ಬಂದಾಗ ಕುಲೀನರೂ ಬಡವರೂ ಒಂದೇ ಬಗೆಯ ಪಥ್ಯ ಮಾಡುವರು.

ಪರದೇಶದ ಮಾತು ಸಾಕು. ನಮ್ಮ ಮನೆಯನ್ನು ನೋಡಿಕೊಳ್ಳೋಣ. ವಿನಿಮಯದ ಧಾರಣೆಯು ಬರಿ ವರ್ತಕರ ವಿಷಯವಲ್ಲವೆಂಬದನ್ನು ನಮ್ಮ ರಾಷ್ಟ್ರೀಯ ಚಳವಳಿಯು ಮೊದಲೇ ಅರಿತಿತ್ತು. ೧೯೨೬ರಲ್ಲಿ ಹಿಲ್ಟನ್ ಯಂಗ್ ಆಯೋಗವು ರೂಪಾಯಿಗೆ ಒಂದು ಶಿಲಿಂಗು ಆರು ಪೆನ್ಸುಗಳೆಂದು ಗೊತ್ತುಮಾಡಿದಾಗ, ಒಂದು ಶಿಲಿಂಗು ನಾಲ್ಕು ಪೆನ್ಸುಗಳೇ ನ್ಯಾಯವೆಂದು ಸರ್ ಪುರುಷೋತ್ತಮದಾಸ ಠಾಕೂರದಾಸರು ಭಿನ್ನಮತವನ್ನು ಬರೆದರು. ಎರಡು ಪೆನ್ಸುಗಳ ಅಂತರದಲ್ಲಿ ನಮ್ಮ ಒಕ್ಕಲಿಗನ ಹತ್ತಿಯ ಬೆಲೆ ಅಡಗಿತ್ತೆಂಬದು ದೇಶಾಭಿಮಾನಿಗಳ ವಾದವಾಗಿತ್ತು. ೧೯೩೯ರಲ್ಲಿ ಯುದ್ಧದ ನೆವದಿಂದ ಬಂದ ವಿನಿಮಯ ನಿಯಂತ್ರಣವು ೧೯೪೭ರಲ್ಲಿ ಕಾಯಿದೆಯಾಯಿತು, ೧೯೭೩ರಲ್ಲಿ ಇನ್ನೂ ಕಠಿನವಾಯಿತು. ಯುದ್ಧವು ಆರು ವರ್ಷಗಳಲ್ಲಿ ಮುಗಿಯಿತು. ಯುದ್ಧಕಾಲದ ಏರ್ಪಾಡು ಅರ್ಧ ಶತಮಾನ ಬಾಳಿತು. ಅರವತ್ತರ ದಶಕದಲ್ಲಿ ನಮ್ಮ ವಿದ್ಯಾರ್ಥಿಗಳು ಎಂಟು ಡಾಲರುಗಳನ್ನು ಜೇಬಿನಲ್ಲಿಟ್ಟುಕೊಂಡು ಅಮೇರಿಕೆಗೆ ಹಡಗು ವಿಮಾನಗಳನ್ನು ಹತ್ತಿದ ಕಥೆಯನ್ನು ಹಿರಿಯರು ಮರೆತಿಲ್ಲ.

ಅದೇ ಕಾಲದಲ್ಲಿ ನಮ್ಮಲ್ಲಿಯೂ ಗುಹೆಗಳಿದ್ದವು. ಚಿನ್ನದ ಕಳ್ಳಸಾಗಾಣಿಕೆಯಿಂದ ರೂಪಾಯಿ ಕೊಲ್ಲಿಯ ಸೀಮೆಗೆ ಸೋರಿಹೋಗುವದನ್ನು ತಡೆಯಲೆಂದು ೧೯೫೯ರಲ್ಲಿ ರಿಝರ್ವ್ ಬ್ಯಾಂಕು ಆ ಸೀಮೆಗಾಗಿಯೇ ಬೇರೆ ನೋಟುಗಳನ್ನು ಹೊರಡಿಸಬೇಕಾಯಿತು. ಮುಂದೆ ಮಂಗಳೂರು ಉಡುಪಿಗಳಿಂದಲೂ ಭಟಕಳದಿಂದಲೂ ಸಾವಿರಾರು ಜನರು ಕೊಲ್ಲಿಯ ದೇಶಗಳಿಗೆ ದುಡಿಯಹೋದರು. ಸರಕಾರದ ಧಾರಣೆಗೂ ಪೇಟೆಯ ಧಾರಣೆಗೂ ಅಂತರವಿದ್ದಷ್ಟು ಕಾಲ, ಅಲ್ಲಿ ದಿರ್ಹಾಮು ಕೊಟ್ಟರೆ ಇಲ್ಲಿ ಮನೆಗೆ ರೂಪಾಯಿ ತಲುಪಿಸುವ ಹುಂಡಿಯವನು ಬ್ಯಾಂಕಿಗಿಂತ ಲಾಭಕರನಾಗಿ ಕಂಡನು. ಅದಕ್ಕಾಗಿ ದುಡಿಯುವವನನ್ನು ದೇಶದ್ರೋಹಿಯೆಂದು ಕರೆಯುವದು ಸುಲಭ. ಅವನ ಬೆವರಿನ ಹಣಕ್ಕೆ ನಿಜವಾದ ಬೆಲೆಯನ್ನು ನಾವು ಕೊಟ್ಟಿದ್ದೆವೆಯೆ ಎಂದು ಕೇಳಿಕೊಳ್ಳುವದು ಕಠಿನ.

೧೯೯೧ರಲ್ಲಿ ದೇಶದ ವಿದೇಶೀ ಸಂಚಯವು ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದು, ರಿಝರ್ವ್ ಬ್ಯಾಂಕಿನ ೪೭ ಟನ್ನಿನಷ್ಟು ಚಿನ್ನವು ಒತ್ತೆಯಾಗಿ ಹೊರದೇಶಕ್ಕೆ ಹೋಯಿತು. ಮನೆಯ ಹೆಂಗಸರ ಕೊರಳಿನ ಒಡವೆ ಸಾಹುಕಾರನ ಅಂಗಡಿಗೆ ಹೋದಂಥ ಅವಮಾನವದು. ಆ ಪೆಟ್ಟಿನಿಂದ ನಾವು ಕಲಿತೆವು. ಅದೇ ಜುಲೈಯಲ್ಲಿ ರೂಪಾಯಿಯ ಬೆಲೆಯನ್ನು ಇಳಿಸಲಾಯಿತು. ೧೯೯೨ರಲ್ಲಿ ಸರಕಾರವೇ ಎರಡು ಧಾರಣೆಗಳನ್ನು ಬಹಿರಂಗವಾಗಿ ಒಪ್ಪಿಕೊಂಡು, ೧೯೯೩ರ ಮಾರ್ಚಿಯಲ್ಲಿ ಅವುಗಳನ್ನು ಒಂದುಮಾಡಿತು. ೧೯೯೪ರಲ್ಲಿ ವ್ಯಾಪಾರಕ್ಕೂ ಪ್ರವಾಸಕ್ಕೂ ಬೇಕಾದ ವಿನಿಮಯವು ಮುಕ್ತವಾಯಿತು. ೨೦೦೦ದ ಜೂನದಿಂದ ಹಳೆಯ ಕ್ರೂರ ಕಾಯಿದೆಯ ಬದಲು ಸೌಮ್ಯವಾದ ಹೊಸ ಕಾಯಿದೆ ಬಂತು. ಇಂದು ಈ ದೇಶದ ನಿವಾಸಿಯು ಹಣಕಾಸಿನ ವರ್ಷವೊಂದಕ್ಕೆ ೨,೫೦,೦೦೦ ಡಾಲರುಗಳವರೆಗೆ ನ್ಯಾಯಮಾರ್ಗದಿಂದ ಹೊರಗೆ ಒಯ್ಯಬಹುದು ಅಥವಾ ಕಳಿಸಬಹುದು. ಬಾಗಿಲು ಇಷ್ಟು ಅಗಲವಾಗಿ ತೆರೆದಿರುವಾಗ ಕಿಟಕಿಯಿಂದ ಹಾರುವವನಿಗೆ ಯಾವ ಸಮಾಧಾನವೂ ಇಲ್ಲ.

ಆದರೂ ಹಾರುವವರು ಇಲ್ಲದಿಲ್ಲ. ನೂರಕ್ಕೆ ಕೆಲವು ಪೈಸೆ ಹೆಚ್ಚು ಸಿಗುವದೆಂದೋ, ಬ್ಯಾಂಕಿನ ಕಾಗದ ತುಂಬುವ ಬೇಸರದಿಂದಲೋ, ಪರವಾನಿಗೆಯಿಲ್ಲದ ವರ್ತಕನ ಹತ್ತಿರ ಡಾಲರು ಕೊಳ್ಳುವ ಸುಶಿಕ್ಷಿತರು ನಮ್ಮ ಪಟ್ಟಣಗಳಲ್ಲಿಯೂ ಇರುವರು. ನಮ್ಮ ಕಾಯಿದೆಯಲ್ಲಿ ಇದಕ್ಕೆ ಸಂಬಂಧಪಟ್ಟ ಹಣದ ಮೂರುಪಟ್ಟಿನವರೆಗೆ ದಂಡವುಂಟೆಂಬದನ್ನು ಅವರು ನೆನಪಿನಲ್ಲಿಡಬೇಕು. ದಂಡದ ಹೆದರಿಕೆಗಿಂತ ಹೆಚ್ಚಿನ ಕಾರಣವೂ ಇದೆ. ಅರ್ಜೆಂಟೀನಾದವನು ಗುಹೆಗೆ ಹೋದುದು ಬಾಗಿಲಿಲ್ಲದುದರಿಂದ. ನಮ್ಮವನು ಹೋಗುವದು ಬಾಗಿಲಿದ್ದೂ.

ಆದುದರಿಂದ ಹೊರನಾಡಿಗೆ ಹೊರಡುವ ನಮ್ಮ ಬಾಂಧವರಿಗೆ ನಮ್ಮ ಸೂಚನೆ ಇಷ್ಟೇ. ಹೋಗುವ ದೇಶದ ನಾಣ್ಯದ ಸ್ಥಿತಿಯನ್ನು ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳಿರಿ. ಇಲ್ಲಿಂದ ಒಯ್ಯುವ ಹಣವನ್ನು ಅಧಿಕೃತ ವಿನಿಮಯಗಾರರಲ್ಲಿಯೇ ಕೊಂಡು ರಸೀದಿಯನ್ನು ಜತನವಾಗಿಡಿರಿ. ಉಳಿದು ಬಂದುದನ್ನು ೧೮೦ ದಿನಗಳೊಳಗೆ ಒಪ್ಪಿಸುವ ನಿಯಮವನ್ನು ಮರೆಯಬೇಡಿರಿ. ಪರದೇಶದಲ್ಲಿ ಕಾಯಿದೆಯ ದಾರಿಯು ನ್ಯಾಯವಾದ ಬೆಲೆಯನ್ನು ಕೊಡುವಲ್ಲಿ ಅದನ್ನೇ ಹಿಡಿಯಿರಿ. ಅಲ್ಪಸ್ವಲ್ಪ ಕಡಿಮೆ ಕೊಟ್ಟರೂ ಅದನ್ನೇ ಹಿಡಿಯಿರಿ. ಎಲ್ಲಿ ಆ ದಾರಿಯೇ ಸುಲಿಗೆಯಾಗಿದೆಯೋ ಅಲ್ಲಿಗೆ ವಿನೋದಕ್ಕಾಗಿ ಹೋಗುವದನ್ನು ಮುಂದೂಡುವದು ಲೇಸು. ಸರಕಾರದ ಚಾಕರಿಯಲ್ಲಿರುವವರಂತೂ ಈ ವಿಷಯದಲ್ಲಿ ಎರಡು ಪಟ್ಟು ಎಚ್ಚರವಿರಬೇಕು; ಅವರ ರಹದಾರಿಯ ಮೇಲಿನ ಸಿಂಹಮುದ್ರೆಯು ಅವರೊಬ್ಬರ ಸ್ವತ್ತಲ್ಲ.

ಮತ್ತು ನಮ್ಮ ಸರಕಾರಗಳಿಗೆ, ಇಂದಿನವರಿಗೂ ನಾಳಿನವರಿಗೂ, ನಾವು ಹೇಳುವದೂ ಇಷ್ಟೇ. ಕಷ್ಟಕಾಲದಲ್ಲಿ ಬಾಗಿಲಿಗೆ ಅಗಳಿ ಹಾಕುವ ಮೋಹವು ಎಲ್ಲ ಖಜಾನೆಗಳಿಗೂ ಬರುವದು; ಹಾಕಿದ ಅಗಳಿಯನ್ನು ತೆಗೆಯಲು ನಮಗೆ ಒಂದು ತಲೆಮಾರಿಗಿಂತ ಹೆಚ್ಚು ಕಾಲ ಹಿಡಿಯಿತು. ನಾಣ್ಯವು ರಾಷ್ಟ್ರವು ತನ್ನ ಪ್ರಜೆಗಳಿಗೆ ಕೊಟ್ಟ ಮಾತು. ಆ ಮಾತು ಕಚೇರಿಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ಆದಾಗ ಮೊದಲು ನಷ್ಟವಾಗುವದು ಡಾಲರುಳ್ಳ ಶ್ರೀಮಂತನಿಗಲ್ಲ, ಪ್ರವಾಸಿಗೂ ಅಲ್ಲ. ಆ ನೋಟನ್ನು ನಂಬಿ ತಿಂಗಳ ಕೊನೆಗೆ ಪಗಾರ ಎಣಿಸಿಕೊಂಡವನಿಗೆ.